ಬೆಂದ ಕಾಳಿಗೂ ಮೊದಲಿನ ಊರು

ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂದು ಯಾರನ್ನು ಕೇಳಿದರೂ ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳ ಬರುತ್ತಾನೆ, ಹಿಂದೆಯೇ ಅವನಿಗೆ ಬೆಂದ ಕಾಳು ಬಡಿಸಿದ ಅಜ್ಜಿಯೂ ಬರುತ್ತಾಳೆ. ಕತೆ ರುಚಿಯಾಗಿದೆ, ಲೆಕ್ಕ ಮಾತ್ರ ಕೂಡುವುದಿಲ್ಲ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕ ಗಂಗರ ಕಾಲದ ವೀರಗಲ್ಲು ಸುಮಾರು ಕ್ರಿ.ಶ. 890ರದ್ದು, ಅದರಲ್ಲಾಗಲೇ ಬೆಂಗಳೂರಿನ ಕಾಳಗದ ಮಾತಿದೆ. ಅಜ್ಜಿ ಒಲೆ ಹಚ್ಚುವುದಕ್ಕೆ ಮುನ್ನೂರು ವರ್ಷದ ಆಸುಪಾಸು ಮೊದಲೇ ಊರಿಗೆ ಹೆಸರೂ ಇತ್ತು, ಜಗಳವೂ ಇತ್ತು.

ಊರ ಹೆಸರು ಬಿಡಿಸುವವರು ಮೊದಲು ಕೊನೆಯ 'ಊರು' ಕಳಚಿಟ್ಟು ಉಳಿದದ್ದನ್ನು ನೋಡುತ್ತಾರೆ. ಮಂಗಳೂರಿನಲ್ಲಿ 'ಮಂಗಳ' ಸಿಗುತ್ತದೆ, ಮಂಗಳಾದೇವಿಯ ಗುಡಿಯೂ ಅಲ್ಲೇ ಇದೆ. ಇಲ್ಲಿ ಉಳಿಯುವುದು 'ಬೆಂಗಳ', ಕಾಟವೆಲ್ಲ ಅದರದೇ. ಬೆಣಚು ಕಲ್ಲಿನಿಂದ ಬಂತೆನ್ನುವವರು ಚಕಾರ ಎಲ್ಲಿ ಹೋಯಿತೆಂದು ಹೇಳಬೇಕು. ವೆಂಕಟನ ಊರೆಂದರೆ ಟಕಾರದ್ದೂ ಅದೇ ಗತಿ. 'ಬೆಂಗಾವಲೂರು' ಕಾಳಗದ ಶಾಸನಕ್ಕೆ ಚೆನ್ನಾಗಿ ಹೊಂದುತ್ತದೆ, ಆದರೆ ನಡುವಿನ ವಕಾರ ಬಿದ್ದು ಲಕಾರ ಳಕಾರವಾಗಬೇಕು.

ನನ್ನ ಮತ ಮರದ ಕಡೆಗೆ. ತಮಿಳಿನ ವೇರ್ ನಮ್ಮಲ್ಲಿ ಬೇರು, ವಿಲ್ ಬಿಲ್ಲು. ಅದೇ ದಾರಿಯಲ್ಲಿ ವೇಂಗೈ ಎಂದರೆ ಬೇಂಗೆ, ನಾವೀಗ ಹೊನ್ನೆ ಎನ್ನುವ ಮರ. ಕಚ್ಚು ಹಾಕಿದರೆ ರಕ್ತದಂಥ ಕೆಂಪು ಅಂಟು ಸುರಿಸುತ್ತದೆ. ಅದರ ಕಟ್ಟಿಗೆಯ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗ್ಗೆ ಬಣ್ಣ ತಿರುಗಿರುತ್ತದೆ, ಸಕ್ಕರೆ ಕಾಯಿಲೆಯವರು ಅದನ್ನು ಕುಡಿಯುವುದುಂಟು. ಮರದ ಹೆಸರು ಹೊತ್ತ ಊರುಗಳಿಗೇನು ಕಡಿಮೆ? ಹಲಸೂರಿದೆ, ಅತ್ತಿಬೆಲೆಯಿದೆ. ಬೇಂಗೆಯ ದೀರ್ಘ ಹ್ರಸ್ವವಾಗಬೇಕು, ಳಕಾರಕ್ಕೂ ಒಂದು ನೆಲೆ ಹುಡುಕಬೇಕು. ಈ ವಾದವೂ ಪೂರ್ತಿ ಸಾಲ ತೀರಿಸಿಲ್ಲ.

ಹಾಗೆಂದು ಚಿಕ್ಕಪೇಟೆಯಲ್ಲಿ ಹೊನ್ನೆ ಹುಡುಕಿದರೆ ಪ್ರಯೋಜನವಿಲ್ಲ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿ ಪೇಟೆ ಮಾಡಿದಾಗ ಹೆಸರನ್ನು ಬೇರೆ ಕಡೆಯಿಂದ ತಂದರೆಂಬ ಪ್ರತೀತಿಯಿದೆ. ಹೆಬ್ಬಾಳದಾಚೆ ಕೊಡಿಗೇಹಳ್ಳಿಯ ಬಳಿಯ ಜಾಗವನ್ನು ಹಳೇ ಬೆಂಗಳೂರು ಎನ್ನುತ್ತಾರೆ.

2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ 'ಬ್ಯಾಂಗಲೋರ್' ಕಡತಗಳಲ್ಲಿ 'ಬೆಂಗಳೂರು' ಆಯಿತು. ವಿಮಾನದ ಟಿಕೆಟಿನ 'ಬಿಎಲ್‌ಆರ್' ಮಾತ್ರ ಹಾಗೆಯೇ ಉಳಿಯಿತು, ಅದು ಎರಡು ಹೆಸರಿಗೂ ಸಲ್ಲುತ್ತದೆ.