ಊರ ಮಂಗಕ್ಕೆಲ್ಲ ಒಂದೇ ಹಿತ್ತಲು

ಮೊನ್ನೆ ಶನಿವಾರ ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ನಮ್ಮೂರ ಪಕ್ಕದವರೊಬ್ಬರು ಸಿಕ್ಕಿದ್ದರು. ಒಳ್ಳೆ ಅಡಿಕೆ ತೋಟದ ಯಜಮಾನರು. ಕೈಯಲ್ಲಿ ಎರಡು ಚೀಲ ತರಕಾರಿ, ಮೇಲೆ ಇಣುಕುತ್ತಿದ್ದದ್ದು ಹರಿವೆ ಸೊಪ್ಪು. ಹೊಸನಗರ ತಾಲ್ಲೂಕಿನ ಮನುಷ್ಯ ಪೇಟೆಯಲ್ಲಿ ಹರಿವೆ ಸೊಪ್ಪು ಕೊಂಡು ಬಸ್ಸಲ್ಲಿ ಊರಿಗೆ ಹೊತ್ತೊಯ್ಯುವುದಾ! "ಹಿತ್ಲಲ್ಲಿ ಎಂತೂ ಹಾಕಿಲ್ವಾ ಮಾವ?" ಅಂದೆ. "ಮಂಗ ಬಿಡ್ಬೇಕಲ್ಲ ಮಾರಾಯ" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ ಅಂತ ಬಸ್ಸು ಮಂಡಗದ್ದೆ ದಾಟುವಾಗ ಅನ್ನಿಸಿತು. ಅವರ ಪಕ್ಕದಲ್ಲೇ ಕೂತಿದ್ದರಿಂದ ಹೇಳಲಿಲ್ಲ, ಇಲ್ಲಿ ಹೇಳ್ತೀನಿ.

ನಮ್ಮದು ಮನೆ ಹಿಂದೆ ಐದು ಗುಂಟೆ ಹಿತ್ತಲು. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ತೋಟ. ಅಮ್ಮನ ಆಡಳಿತ, ನಾನು ವಾರಕ್ಕೊಮ್ಮೆ ಬರುವ ಕೂಲಿ. ಮಿಕ್ಕ ದಿನ ರಾತ್ರಿ ಎಂಟಕ್ಕೆ ಅಮ್ಮನ ಫೋನು ಬರುತ್ತದೆ. ನನ್ನ ಊಟ ಆಯ್ತಾ ಅಂತ ಕೇಳುವ ಮೊದಲೇ ಹಿತ್ತಲಿನ ವರದಿ ಶುರು. ಬೆಂಡೆ ಎಷ್ಟು ಹುಟ್ಟಿತು, ಕೆಂಬೂತ ಎಲ್ಲಿ ಕೂಗಿತು, ಮುಳ್ಳುಹಂದಿ ಸುವರ್ಣಗಡ್ಡೆ ಬುಡ ಕೆದರಿದೆಯೋ ಇಲ್ಲವೋ. ಕಾಡುಪ್ರಾಣಿಗಳ ಬಗ್ಗೆ ನನಗೆ ಗೊತ್ತಿರುವ ಮುಕ್ಕಾಲು ಪಾಲು ಹೀಗೆ ಫೋನಿನಲ್ಲಿ ಕಲಿತದ್ದು.

ಅಮ್ಮನ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ, ಮೇ 25ರ ಹೊತ್ತಿಗೆ ರೋಹಿಣಿ ಮಳೆಯಲ್ಲಿ ಶುರುವಾಗುತ್ತದೆ. ಬೂದಿ ಸೇರಿಸಿ ಗೋಡೆಗೆ ತಟ್ಟಿಟ್ಟ ಸೌತೆ ಬೀಜ, ಅಟ್ಟದ ಮೇಲಿನ ಒಣ ಹೀರೆಕಾಯಿ ಎಲ್ಲ ಆಗ ಕೆಳಗಿಳಿಯುತ್ತವೆ. ನೆಲ ಇನ್ನೂ ಬೆಚ್ಚಗಿರುವಾಗಲೇ ಬೀಜ ಹುಟ್ಟಬೇಕು, ಆರಿದ್ರೆ ಹಿಡಿಯುವಷ್ಟರಲ್ಲಿ ಬಳ್ಳಿ ಚಪ್ಪರದ ಕಾಲು ಹಿಡಿದಿರಬೇಕು. ಒಂದು ವರ್ಷ ನಾನು ರಜೆ ಸಿಗಲಿಲ್ಲ ಅಂತ ಜೂನ್ ಕೊನೆಗೆ ಬೀಜ ಹಾಕಿದೆ. ಅರ್ಧಕ್ಕರ್ಧ ಮಣ್ಣಲ್ಲೇ ಕೊಳೆಯಿತು. ಹುಟ್ಟಿದ್ದನ್ನು ಬಸವನಹುಳು ಮೇಯ್ದವು.

ಪುಷ್ಯದ ಮಳೆಯಲ್ಲಿ ಹಿತ್ತಲಿಗೆ ಹೋಗುವುದೆಂದರೆ ಉಂಬಳಕ್ಕೆ ರಕ್ತ ಕೊಟ್ಟು ಬರುವುದು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡರೂ ಒಂದೆರಡು ಬೆರಳ ಸಂದಿಗೆ ಸೇರಿಯೇ ಸೇರುತ್ತವೆ. ಆದರೂ ಆ ತಿಂಗಳನ್ನು ನಾನು ಬಿಟ್ಟುಕೊಡಲಾರೆ. ಬೆಳಕು ಹರಿಯುವ ಮೊದಲು ಹಳ್ಳದ ಕಡೆಯಿಂದ ಸಿಳ್ಳಾರ ಹಕ್ಕಿ ಹಾಡುತ್ತದೆ. ಹಾಡು ಅನ್ನುವುದಕ್ಕಿಂತ, ರಾಗ ಮರೆತ ಹುಡುಗನೊಬ್ಬ ಸಿಳ್ಳೆ ಹಾಕಿಕೊಂಡು ಶಾಲೆಗೆ ಹೊರಟ ಹಾಗೆ. ರಾತ್ರಿ ಬ್ಯಾಟರಿ ಹಿಡಿದು ಬಸವನಹುಳು ಹೆಕ್ಕಲು ಹೋದರೆ ಕೆಸುವಿನ ಎಲೆ ಮೇಲೆ ಕಪ್ಪೆಗಳು, ಪ್ರತಿಯೊಂದರದೂ ಬೇರೆ ಬೇರೆ ದನಿ. ಒಂದು ರಾತ್ರಿಗೆ ಎರಡು ಡಬ್ಬಿ ಹುಳ ಸಿಕ್ಕಿದ್ದುಂಟು. ಉಪ್ಪು ಸುರಿಯುವುದು ಅಮ್ಮನಿಗೆ ಇಷ್ಟವಿಲ್ಲ, ನೆಲ ಕೆಡುತ್ತದಂತೆ. ಕೆಂಬೂತ ಓಡಾಡುವ ಜಾಗದಲ್ಲಿ ಸುರಿದು ಬರುತ್ತೇವೆ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಮೂರು ವರ್ಷದ ಹಿಂದೆ ಮಂಗ, ಹಂದಿ, ನವಿಲು ಎಲ್ಲಕ್ಕೂ ಒಂದೇ ಮದ್ದು ಅಂತ ಪೇಟೆಯಿಂದ ನೈಲಾನ್ ಬಲೆ ತಂದು ಸುತ್ತ ಕಟ್ಟಿದೆ. ಅಮ್ಮ ಬೇಡ ಅಂದಿದ್ದಳು. ಹದಿನೈದು ದಿನಕ್ಕೆ ಆರಡಿ ಉದ್ದದ ಕೇರೆಹಾವು ಅದರಲ್ಲಿ ಸಿಕ್ಕಿಕೊಂಡಿತು. ಒದ್ದಾಡಿದಷ್ಟೂ ನೂಲು ಚರ್ಮದೊಳಗೆ ಹೋಗುತ್ತಿತ್ತು. ಹಾವು ಹಿಡಿಯುವ ಹುಡುಗ ಬಂದು ತಲೆ ಹಿಡಿದುಕೊಂಡ, ನಾನು ಉಗುರು ಕತ್ತರಿಸುವ ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಿದೆ. ಮುಕ್ಕಾಲು ಗಂಟೆ. ಬಿಟ್ಟ ಮೇಲೆ ಹೋಯಿತು, ಆದರೆ ಬದುಕಿತೋ ಇಲ್ಲವೋ. ಆ ವರ್ಷ ಗೆಣಸನ್ನೆಲ್ಲ ಇಲಿ ತಿಂದವು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳಿಲ್ಲ. ಅಮ್ಮ ಹೇಳಿದಳು, ನಾಲ್ಕು ತಿಂಗಳು ಬಿಡದೆ ಹೇಳಿದಳು.

ಮಂಗನ ವಿಷಯಕ್ಕೆ ಬರುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಹದಿನೆಂಟು ಮನೆ, ಹದಿನೆಂಟು ಹಿತ್ತಲು. ಅದರ ಜೊತೆಗೆ ಗದ್ದೆ, ಗದ್ದೆ ಬದುವಿನಲ್ಲಿ ಅವರೆ, ಅಲಸಂದೆ. ಮಂಗಗಳು ಆಗಲೂ ಇದ್ದವು. ಆದರೆ ನಮ್ಮ ಮನೆಗೆ ಹದಿನೆಂಟು ದಿನಕ್ಕೊಂದು ಸಲ ಪಾಳಿ ಬಂದ ಹಾಗೆ ಬರುತ್ತಿದ್ದವು. ಒಂದು ಸಾಲು ಸೌತೆ ಹಾಳು ಮಾಡಿ ಮುಂದಿನ ಮನೆಗೆ ಹೋಗುತ್ತಿದ್ದವು. ಈಗ ತರಕಾರಿ ಹಾಕುವ ಮನೆ ಮೂರೇ ಉಳಿದಿವೆ. ಗದ್ದೆಗಳೆಲ್ಲ ಅಡಿಕೆ ತೋಟವಾದವು. ಗುಡ್ಡದ ಮೇಲೆ ಅಕೇಶಿಯಾ, ಅದರಲ್ಲಿ ಮಂಗ ತಿನ್ನುವಂಥ ಹಣ್ಣಿಲ್ಲ. ಹದಿನೆಂಟು ಮನೆಯ ನಷ್ಟ ಈಗ ಮೂರು ಮನೆಯ ಮೇಲೆ ಬೀಳುತ್ತಿದೆ. ಹಿತ್ತಲು ಬಿಟ್ಟ ಹದಿನೈದು ಮನೆಯವರೂ ಮಂಗನ ಕಾಟ ಜಾಸ್ತಿಯಾಗಿದೆ ಅನ್ನುತ್ತಾರೆ, ಯಾಕೆಂದರೆ ಅವು ಈಗ ಅವರ ಎಳೆ ಅಡಿಕೆ ಚೀಪಿ ಬಿಸಾಡುತ್ತಿವೆ.

ಇದನ್ನು ಹೇಳಿದರೆ ಬೈಯುವವರಿದ್ದಾರೆ, ಗೊತ್ತು. ಅಡಿಕೆಗೆ ರೇಟಿರುವಾಗ ಬದನೆಕಾಯಿಗೆ ಯಾರು ಕೂಲಿ ಕೊಡ್ತಾರೆ ಅನ್ನುತ್ತಾರೆ. ನ್ಯಾಯವೇ. ಪಟಾಕಿ ಹೊಡೆದದ್ದಾಯ್ತು, ಹುಲಿಗೊಂಬೆ ಇಟ್ಟದ್ದಾಯ್ತು. ನಮ್ಮ ಜಿಲ್ಲೆಯ ರೈತರೊಬ್ಬರು ನಾಯಿಗೇ ಹುಲಿಪಟ್ಟೆ ಬಳಿದದ್ದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ನಮ್ಮಲ್ಲಿ ಗೊಂಬೆ ನಾಲ್ಕು ದಿನ ಕೆಲಸ ಮಾಡಿತು, ಐದನೇ ದಿನ ಮರಿಯೊಂದು ಅದರ ತಲೆ ಮೇಲೆ ಕೂತಿತ್ತು. ಸದ್ಯ ಅಮ್ಮ ಬೆಟ್ಟದ ಅಂಚಿಗೆ ಹಾಗಲ, ಕೆಸು, ಸೂಜಿಮೆಣಸು ಹಾಕಿದ್ದಾಳೆ, ಅವಕ್ಕೆ ಮಂಗ ಬಾಯಿ ಹಾಕುವುದು ಕಡಿಮೆ. ಮನೆಗೆ ಹತ್ತಿರ ಬಂದ ಹಾಗೆ ಸೌತೆ, ಹೀರೆ. ಪಾಲು ಹೋಗುವುದು ಹೋಗುತ್ತದೆ.

ಪಾಲು ಅಂದೆ, ಆ ಮಾತು ನನ್ನದಲ್ಲ. ಸೀಗೆ ಹುಣ್ಣಿಮೆಗೆ ನಮ್ಮ ಕಡೆ ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಭತ್ತ ಬಸುರಿ ಅಂತ ಬಯಕೆ ಊಟ ಬಡಿಸುವ ಹಬ್ಬ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಕೊಟ್ಟೆ ಕಡುಬು, ಬೆರಕೆ ಸೊಪ್ಪಿನ ಹಚ್ಚಂಬಲಿ. ಕಾಗೆಗೊಂದು ಎಡೆ, ಇಲಿಗೂ ಒಂದು ಎಡೆ. ಗೆಣಸು ತಿಂದ ಇಲಿಗೆ ಮತ್ತೆ ಕಡುಬಾ ಅಂತ ಕೇಳಿದ್ದಕ್ಕೆ ಅಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗದ್ದೆಯೇ ಹೋದ ಮೇಲೆ ಈಗ ಬಹಳ ಜನ ಬುಟ್ಟಿಯನ್ನು ಅಡಿಕೆ ತೋಟದಲ್ಲಿ ಇಳಿಸುತ್ತಾರೆ.

ಈ ಜನವರಿಯಲ್ಲಿ ಅಮ್ಮನ ಫೋನು ಬೇರೆ ಥರ ಬಂತು. "ಈ ವಾರ ಒಂದ್ ಮಂಗನೂ ಬಂದಿಲ್ಲ ಕಣಾ." ಅವರೆ ಚಪ್ಪರದ ತುಂಬ ಕಾಯಿ, ಖುಷಿಪಡಬೇಕಿತ್ತು. ನಮ್ಮ ಕಡೆಯವರಿಗೆ ಆ ತಿಂಗಳಲ್ಲಿ ಮಂಗ ಕಾಣದಿದ್ದರೆ ಎದೆ ಹೊಡೆದುಕೊಳ್ಳುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೇ ಡಿಸೆಂಬರಿನಿಂದ ಮೇವರೆಗೆ. ಕಾಡಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ನೆಲಕ್ಕಿಳಿಯುತ್ತವೆ, ದರಕು (ಉದುರಿದ ಒಣ ಎಲೆ) ಗುಡಿಸಲು ಹೋದವರ ಕಾಲಿಗೆ ಹತ್ತಿ ಕಾಯಿಲೆ ಅಂಟಿಸುತ್ತವೆ. 2018-19ರಲ್ಲಿ ಈ ಕಾಯಿಲೆಗೆ ಜನರನ್ನು ಕಳಕೊಂಡು ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ಇಲ್ಲಿ ಯಾರೂ ಮರೆತಿಲ್ಲ.

ಅಮ್ಮ ದರಕಿಗೆ ಹೋಗುವುದು ನಿಲ್ಲಿಸಿದಳು. ಆಶಾ ಕಾರ್ಯಕರ್ತೆ ಬಂದು ಬೆಟ್ಟದ ಕಡೆ ಸತ್ತ ವಾಸನೆ ಏನಾದರೂ ಬರ್ತಿದೆಯಾ ಅಂತ ಕೇಳಿ, ಕೈಕಾಲಿಗೆ ಹಚ್ಚುವ ಎಣ್ಣೆ ಕೊಟ್ಟು ಹೋದರು. ಎಂಟು ದಿನ ಫೋನಿನಲ್ಲಿ ಹಿತ್ತಲಿನ ವರದಿಯೇ ಇಲ್ಲ.

ಒಂಬತ್ತನೇ ದಿನ ಬೆಳಗ್ಗೆ ಆರೂವರೆಗೇ ಫೋನು. "ಅವರೆ ಚಪ್ಪರ ನೆಲಕ್ಕೆ ಹಾಕಿದಾವೆ, ಹಾಳಾದವು!"

"ಎಷ್ಟಿದ್ವು?" ಅಂದೆ.

"ಹದಿನೇಳು. ಹೊಟ್ಟೆ ಕಚ್ಚಿಕೊಂಡ ಮರಿ ಸೇರಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ಮುಂಚೆನೂ ಹದಿನೇಳೇ ಇದ್ದಿದ್ದು. ಎಲ್ಲ ಇದಾವೆ."