ಸೋತರೂ ಊರು ಬಿಡದ ಏಳಡಿ ಮನುಷ್ಯ

2014ರ ನವೆಂಬರಿನಲ್ಲಿ ಅಪ್ಪ ಅಮ್ಮ ಹಾಸನದಿಂದ ಅಮೆರಿಕದ ಡಾಲಸ್ ಪಕ್ಕದ ನಮ್ಮ ಮನೆಗೆ ಬಂದಿದ್ದರು. ಚಳಿಗೆ ಹೊರಗೆ ಹೋಗಲಾರದೆ ಅಪ್ಪ ಶಾಲು ಹೊದ್ದು ಟಿವಿ ಮುಂದೆ ಕೂತಿರುತ್ತಿದ್ದರು. ಕ್ರಿಕೆಟ್ ಇಲ್ಲದ ಮನೆಯಲ್ಲಿ ಬಾಸ್ಕೆಟ್‌ಬಾಲೇ ಗತಿ.

“ಅಲ್ಲ ಕಣೋ, ಆ ಉದ್ದಕಿರೋನು ಯಾವೂರೋನು?”

“ಜರ್ಮನಿಯೋನು ಕಣಪ್ಪ.”

“ಮತ್ತೆ ಇಲ್ಯಾಕೆ ಬಂದು ಆಡ್ತಾನೆ?”

“ನಾನ್ಯಾಕೆ ಬಂದಿದೀನೋ ಅದಕ್ಕೇ.”

“ಹಂಗಾರೆ ಸಂಬಳ ಜಾಸ್ತಿ ಕೊಡ್ತಾರೆ ಅನ್ನು.”

ಉತ್ತರ ಹೇಳಲು ಸ್ವಲ್ಪ ಕಷ್ಟವಾಯಿತು. ಏಕೆಂದರೆ ಆ ವರ್ಷವೇ ಆ ಉದ್ದದವನು, ಡರ್ಕ್ ನೊವಿಟ್ಸ್ಕಿ, ತನ್ನ ಸಂಬಳವನ್ನು ತಾನೇ ಇಳಿಸಿಕೊಂಡಿದ್ದ. ಬೇರೆ ತಂಡಗಳು 9 ಕೋಟಿ ಡಾಲರಿಗೂ ಹೆಚ್ಚು ಕೊಡಲು ತಯಾರಿವೆ ಎಂದು ಪತ್ರಿಕೆಗಳಲ್ಲಿ ಬರುತ್ತಿದ್ದಾಗ, ಇವನು ಮೂರು ವರ್ಷಕ್ಕೆ ಸುಮಾರು 2.5 ಕೋಟಿಗೆ ನಮ್ಮೂರಿನ ತಂಡ ಡಾಲಸ್ ಮ್ಯಾವರಿಕ್ಸ್‌ನಲ್ಲೇ ಉಳಿದ. ಉಳಿದ ದುಡ್ಡಿನಲ್ಲಿ ಒಳ್ಳೆ ಆಟಗಾರರನ್ನು ತನ್ನಿ ಅನ್ನುವುದು ಲೆಕ್ಕ. ಅಷ್ಟು ಹೊತ್ತಿಗೆ ಅವನು ಬೇಕಾದಷ್ಟು ದುಡಿದಿದ್ದ, ಉಪವಾಸವೇನೂ ಬೀಳುತ್ತಿರಲಿಲ್ಲ, ನಿಜ. ಆದರೂ ಕೈಗೆ ಬಂದ ದುಡ್ಡನ್ನು ಬೇಡ ಅಂದವರನ್ನು ನಾನು ಆಫೀಸಿನಲ್ಲಂತೂ ನೋಡಿಲ್ಲ. ಮೂವತ್ತಮೂರು ವರ್ಷ ಕೆಇಬಿಯೊಂದರಲ್ಲೇ ದುಡಿದ ಅಪ್ಪ ನಂಬಲಿಲ್ಲ. “ಏನೋ ಮಸಲತ್ತು ಇರುತ್ತೆ ಬಿಡು” ಎಂದರು.

ನಾನು ಡಾಲಸ್ ಪಕ್ಕದ ಅರ್ವಿಂಗ್‌ಗೆ ಬಂದದ್ದು 2005ರಲ್ಲಿ, ನಾಲ್ಕು ಜನ ಹುಡುಗರ ಅಪಾರ್ಟ್‌ಮೆಂಟಿಗೆ. ಕಾಲೇಜಿನಲ್ಲಿ ಸಿಮೆಂಟ್ ನೆಲದ, ಬಲೆಯಿಲ್ಲದ ರಿಂಗಿನ ಕೋರ್ಟಿನಲ್ಲಿ ಆಡಿದ್ದವನಾದ್ದರಿಂದ ಆಟ ಗೊತ್ತಿತ್ತು, ಊರು ಗೊತ್ತಿರಲಿಲ್ಲ. ಮರುವರ್ಷವೇ ಮ್ಯಾವರಿಕ್ಸ್ ಮೊದಲ ಬಾರಿಗೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್ ತಲುಪಿತು. ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಮಯಾಮಿ ವಿರುದ್ಧ ಮೊದಲ ಎರಡು ಪಂದ್ಯ ಗೆದ್ದು, ಆಮೇಲಿನ ನಾಲ್ಕನ್ನೂ ಸೋತಿತು. ಮೂರನೇ ಪಂದ್ಯದ ಕೊನೆಯ ಕ್ಷಣಗಳಲ್ಲಿ ಸಮ ಮಾಡಬಹುದಾಗಿದ್ದ ಒಂದು ಫ್ರೀ ಥ್ರೋವನ್ನು, ಅಂದರೆ ಫೌಲಿಗೆ ಸಿಗುವ, ಯಾರೂ ತಡೆಯದ ಎಸೆತವನ್ನು, ಡರ್ಕ್ ತಪ್ಪಿಸಿದ. 2007ರಲ್ಲಿ ಇನ್ನೂ ಕೆಟ್ಟದ್ದು: 82ರಲ್ಲಿ 67 ಪಂದ್ಯ ಗೆದ್ದ ತಂಡ ಎಂಟನೇ ಶ್ರೇಯಾಂಕದ ಗೋಲ್ಡನ್ ಸ್ಟೇಟ್ ತಂಡದ ಕೈಲಿ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೊಡೆಸಿಕೊಂಡು ಮನೆಗೆ ಬಂತು. ಸಿಟ್ಟಿಗೆ ಇವನು ಎಸೆದ ಕಸದ ಡಬ್ಬಿಯಿಂದ ಆ ತಂಡದ ಕ್ರೀಡಾಂಗಣದ ಗೋಡೆ ತೂತಾಯಿತು. ಅವರು ಅದನ್ನು ಮುಚ್ಚದೆ ಉಳಿಸಿಕೊಂಡು ಆಮೇಲೆ ಇವನ ಕೈಲೇ ರುಜು ಹಾಕಿಸಿಕೊಂಡರು! ಹೀಗೆ ಹೊರಬಿದ್ದ ಮೇಲೆ ವರ್ಷದ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿ ಬಂತು, ಯುರೋಪಿನವನೊಬ್ಬನಿಗೆ ಮೊದಲ ಬಾರಿಗೆ. ಮದುವೆ ಮುರಿದ ಮೇಲೆ ಉಡುಗೊರೆ ಬಂದಂತೆ. ಅದನ್ನು ಇಸಿದುಕೊಂಡು ನಿಂತ ಅವನ ಮುಖ ನನಗೆ ಇನ್ನೂ ನೆನಪಿದೆ.

ಆಗ ಇಲ್ಲಿಯವರು ಬೈಯಲಿಲ್ಲವೇ ಎಂದರೆ, ಬೈದರು. ರೇಡಿಯೋದಲ್ಲಿ ದಿನವಿಡೀ ಬೈದರು. ‘ಸಾಫ್ಟ್’ ಎಂದರು. ಆದರೆ ‘ಹೊರಗಿನವನು, ಅದಕ್ಕೇ ಹೀಗೆ’ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಮೂವತ್ತು ವರ್ಷದಿಂದ ಪಕ್ಕದ ಬೀದಿಯಲ್ಲಿರುವವರನ್ನೂ ‘ಅವರು ಆ ಕಡೆಯವರು’ ಎಂದೇ ಕರೆಯುವ ಊರಿಂದ ಬಂದ ನನಗೆ ಇದು ವಿಚಿತ್ರವಾಗಿ ಕಂಡಿತು. ಇಪ್ಪತ್ತು ವರ್ಷ ಕಳೆದರೂ ಅವನ ಇಂಗ್ಲಿಷಿನಲ್ಲಿ ಜರ್ಮನ್ ಎಳೆ ಹೋಗಿರಲಿಲ್ಲ. ಬೇಸಿಗೆ ಬಂದರೆ ಜರ್ಮನಿಗೆ ಹೋಗಿ ದೇಶಕ್ಕಾಗಿ ಆಡುತ್ತಿದ್ದ, 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಜರ್ಮನಿಯ ಬಾವುಟ ಹಿಡಿದ. ಡಾಲಸ್ ತಕರಾರು ತೆಗೆಯಲಿಲ್ಲ. ರಾಜ್ಯೋತ್ಸವಕ್ಕೆ ಶಾಲೆಯ ಹಾಲ್ ಬಾಡಿಗೆ ಹಿಡಿದು ಬಿಸಿಬೇಳೆಬಾತ್ ಬಡಿಸುವ ನಮಗೆ ಇದರಿಂದ ಎಷ್ಟು ಸಮಾಧಾನವಾಗುತ್ತಿತ್ತು ಎಂಬುದು ಹೊರನಾಡಿನಲ್ಲಿ ಇದ್ದವರಿಗೇ ಗೊತ್ತು.

ಅವನ ಆಟದ ಬಗ್ಗೆ ಒಂದು ಮಾತು ಹೇಳಲೇಬೇಕು. ರಿಂಗಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಭುಜ ಒಂದು ಸಲ ಅಲುಗುತ್ತದೆ. ಎದುರಾಳಿ ಆ ಕಡೆ ವಾಲಿದನೋ, ಇವನು ಎಡಗಾಲಿನ ಮೇಲೆ ಚಿಮ್ಮಿ ಹಿಂದಕ್ಕೆ ಬಾಗುತ್ತಾನೆ. ಬಲ ಮೊಣಕಾಲು ಗೇಟು ಅಡ್ಡ ಹಾಕಿದ ಹಾಗೆ ಮುಂದೆ ಏಳುತ್ತದೆ. ಏಳಡಿ ದೇಹ, ಅದರ ಮೇಲೆ ಚಾಚಿದ ಕೈ, ಸಾಲದ್ದಕ್ಕೆ ಹಿಂದಕ್ಕೆ ಹೋದ ದೂರ ಬೇರೆ. ತಡೆಯಲು ಬಂದವನ ಬೆರಳು ಬರೀ ಗಾಳಿ ಮುಟ್ಟುತ್ತದೆ. ಚೆಂಡು ತೆಂಗಿನಮರದ ಎತ್ತರಕ್ಕೆ ಹೋಗಿ ನೇರ ಕೆಳಗಿಳಿಯುತ್ತದೆ. ಬಾವಿಗೆ ಬಿಂದಿಗೆ ಬಿಟ್ಟಂತೆ. ಇದನ್ನು ತಿದ್ದಿ ತೀಡಿದವರು ಹೊಲ್ಗರ್ ಗೆಶ್ವಿಂಡ್ನರ್. 1972ರ ಒಲಿಂಪಿಕ್ಸಿನಲ್ಲಿ ಪಶ್ಚಿಮ ಜರ್ಮನಿಗೆ ಆಡಿದವರು, ಗಣಿತ ಭೌತಶಾಸ್ತ್ರ ಓದಿದವರು. ಚೆಂಡು ಯಾವ ಕೋನದಲ್ಲಿ ಹೋಗಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿದವರು. ಹುಡುಗನಿಗೆ ಪುಸ್ತಕ ಓದು, ಸ್ಯಾಕ್ಸೊಫೋನ್ ನುಡಿಸು ಎಂದೂ ಹೇಳಿದರಂತೆ. ಹೆಸರು ಬಂದ ಮೇಲೂ ಡರ್ಕ್ ಆ ಗುರುವನ್ನು ಬಿಡಲಿಲ್ಲ. ಇದು ನಮ್ಮ ಕಡೆಯ ಸಂಗೀತದ ಮೇಷ್ಟ್ರ ಮನೆಯ ಪದ್ಧತಿ, ಅಮೆರಿಕದ್ದಲ್ಲ.

2011ರಲ್ಲಿ ಕೊನೆಗೂ ಆಯಿತು. ಒಕ್ಲಹೋಮಾ ಎದುರು ಒಂದೇ ಪಂದ್ಯದಲ್ಲಿ 24 ಫ್ರೀ ಥ್ರೋ ಸಿಕ್ಕವು, 24ನ್ನೂ ಹಾಕಿದ. ಫೈನಲ್ಸ್‌ನಲ್ಲಿ ಮತ್ತದೇ ಮಯಾಮಿ. ಎಡಗೈ ಮಧ್ಯದ ಬೆರಳಿನ ಸ್ನಾಯುರಜ್ಜು ಹರಿದಿತ್ತು, ನಾಲ್ಕನೇ ಪಂದ್ಯಕ್ಕೆ ಜ್ವರದಲ್ಲೇ ಇಳಿದ. ಜೂನ್ 12ರ ಭಾನುವಾರ ರಾತ್ರಿ, ಆರನೇ ಪಂದ್ಯದ ಮೊದಲರ್ಧದಲ್ಲಿ 12 ಎಸೆತಕ್ಕೆ ಒಂದೇ ಬುಟ್ಟಿಗೆ ಬಿತ್ತು. ನನ್ನಾಕೆ ಆಗ ಐದು ತಿಂಗಳ ಬಸುರಿ, ನನ್ನ ಕೂಗಾಟ ತಾಳಲಾರದೆ ಒಳಗೆ ಹೋಗಿ ಮಲಗಿದ್ದಳು. ದ್ವಿತೀಯಾರ್ಧದಲ್ಲಿ ಎಲ್ಲ ತಿರುಗಿತು, ಗೆದ್ದೆವು. ಗೆದ್ದ ಕೂಡಲೇ ಅವನು ಅಂಗಣದಲ್ಲಿ ನಿಲ್ಲಲಿಲ್ಲ. ಮುಖ ಮುಚ್ಚಿಕೊಂಡು ಒಳಗೆ ಓಡಿದ, ಅತ್ತ. ಕಪ್ ಕೊಡಲು ಅವನನ್ನು ಕರೆದುಕೊಂಡು ಬರಬೇಕಾಯಿತು.

ಹದಿನಾಲ್ಕು ವರ್ಷದ ಮೇಲೆ, 2025ರ ಜೂನ್ 3ರ ಮಧ್ಯಾಹ್ನ ಆಫೀಸಿನ ಊಟದ ಮೇಜಿನಲ್ಲಿ ಫೋನು ಹಿಡಿದು ಕೂತಿದ್ದಾಗ ಅದೇ ದೃಶ್ಯ ಮತ್ತೆ ಕಂಡಿತು. ಅಹಮದಾಬಾದಿನಲ್ಲಿ ಕೊಹ್ಲಿ ಮಂಡಿಯೂರಿ ಮುಖ ಮುಚ್ಚಿಕೊಂಡಿದ್ದ. ದೆಹಲಿಯ ಹುಡುಗ, 18 ಸೀಸನ್, ಒಂದೇ ತಂಡ. ಅಂದರೆ ಹೊರಗಿನವನನ್ನು ನಮ್ಮವನೆಂದು ಅಪ್ಪಿಕೊಳ್ಳುವುದು ನಮಗೂ ಬರುತ್ತದೆ. ಬಾರದೇ ಇರುವುದು ಬೇರೆ. ಡರ್ಕ್ ಕಪ್ ಎತ್ತಿದ ವರ್ಷವೇ, ಬೆಂಗಳೂರಿನಲ್ಲೇ ಬೆಳೆದ ದ್ರಾವಿಡ್ ಹರಾಜಿನಲ್ಲಿ ರಾಜಸ್ಥಾನದ ಪಾಲಾದರು. ಒಂದು ದಿನ ಗೊಣಗಿ ಸುಮ್ಮನಾದೆವು, ನಾನೂ ಸೇರಿ. ಇನ್ನೊಂದು ಮಾತು ಹೇಳಲು ನಾಲಿಗೆ ಏಳುವುದಿಲ್ಲ. ಡಾಲಸ್ ಗೆದ್ದದ್ದು ಭಾನುವಾರ, ಮೆರವಣಿಗೆ ಇಟ್ಟದ್ದು ಗುರುವಾರ. ನಡುವೆ ಮೂರು ದಿನ ಪೂರ್ತಿ ಸಿಕ್ಕಿತು. ರಜೆ ಹಾಕಿ ಹೋಗಿದ್ದೆ. ಎರಡು ಲಕ್ಷ ಜನವೆಂದು ಪತ್ರಿಕೆಗಳು ಬರೆದವು, ಸುಡುಬಿಸಿಲಲ್ಲಿ ನಿಂತು ನೋಡಿ ರೈಲು ಹಿಡಿದು ಮನೆಗೆ ಬಂದೆ. ಬೆಂಗಳೂರಿನಲ್ಲಿ ಮಾರನೆಯ ದಿನವೇ ಸಂಭ್ರಮವಿಟ್ಟರು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜನ ಮನೆಗೆ ಬರಲೇ ಇಲ್ಲ.

ಡರ್ಕ್ 21 ಸೀಸನ್ ಒಂದೇ ತಂಡಕ್ಕೆ ಆಡಿ, 31,560 ಅಂಕ ಗಳಿಸಿ 2019ರಲ್ಲಿ ನಿಲ್ಲಿಸಿದ. ಕ್ರೀಡಾಂಗಣದ ಪಕ್ಕದ ರಸ್ತೆಗೆ ಅವನ ಹೆಸರಿಟ್ಟರು, 41ನೇ ಅಂಗಿಯನ್ನು ಇನ್ನು ಯಾರಿಗೂ ಕೊಡದಂತೆ ಸೂರಿಗೆ ಏರಿಸಿದರು. 2022ರ ಕ್ರಿಸ್‌ಮಸ್ ದಿನ ಒಂಟಿಗಾಲಲ್ಲಿ ಹಿಂದಕ್ಕೆ ವಾಲಿದ ಭಂಗಿಯಲ್ಲೇ ಪ್ರತಿಮೆ ನಿಲ್ಲಿಸಿದರು. ಇದೆಲ್ಲ ಕಂಡು ಅಮೆರಿಕದವರು ನಿಷ್ಠೆಗೆ ಬೆಲೆ ಕೊಡುವವರು ಎಂದು ಬರೆಯಹೊರಟರೆ ನಮ್ಮ ಮಗ ಜಗಳಕ್ಕೆ ಬರುತ್ತಾನೆ.

ಅವನು ಆ 2011ರ ಅಕ್ಟೋಬರಿನಲ್ಲಿ ಹುಟ್ಟಿದವನು. ಅವನ ಡರ್ಕ್ ಎಂದರೆ ಸ್ಲೊವೇನಿಯಾದ ಲೂಕಾ ಡಾನ್ಚಿಚ್. 2025ರ ಫೆಬ್ರವರಿ 1ರ ಶನಿವಾರ ರಾತ್ರಿ ಹನ್ನೊಂದು ದಾಟಿದ ಮೇಲೆ, ಊರೆಲ್ಲ ಮಲಗುವ ಹೊತ್ತಿಗೆ, ಅವನನ್ನು ಮ್ಯಾವರಿಕ್ಸ್‌ನವರು ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ದಾಟಿಸಿದ ಸುದ್ದಿ ಬಂತು. ಸಂತೆಯಲ್ಲಿ ಟವಲ್ಲಿನ ಕೆಳಗೆ ಬೆರಳು ಹಿಡಿದು ದನದ ವ್ಯಾಪಾರ ಮುಗಿಸುತ್ತಾರಲ್ಲ, ಹಾಗೆ. ಡರ್ಕ್ ಉಳಿದದ್ದು ಅವನ ನಿಷ್ಠೆಯಿಂದ, ತಂಡದ್ದರಿಂದಲ್ಲ ಎನ್ನುವುದು ನನಗೆ ಅರ್ಥವಾಗಿದ್ದು ಆವತ್ತು. ಮಾರನೆಯ ದಿನ ಜನ ಒಂದು ಶವಪೆಟ್ಟಿಗೆ ಹೊತ್ತು ತಂದು ಅದೇ ಪ್ರತಿಮೆಯ ಮುಂದಿಟ್ಟರು. ಮಗನ ಹಟಕ್ಕೆ ನಾವೂ ಹೋಗಿದ್ದೆವು. ಹೂವು, ಮೋಂಬತ್ತಿ, ಲೂಕಾನ 77ನೇ ನಂಬರಿನ ಅಂಗಿಗಳು. ಲೂಕಾ ಲೇಕರ್ಸ್ ಪರ ಮೊದಲ ಪಂದ್ಯ ಆಡಿದ ದಿನ ಡರ್ಕ್ ಲಾಸ್ ಏಂಜಲೀಸ್‌ಗೆ ಹೋಗಿ ಪ್ರೇಕ್ಷಕರ ನಡುವೆ ಕೂತಿದ್ದ.

ಏಪ್ರಿಲ್ 9ಕ್ಕೆ ಲೇಕರ್ಸ್ ಡಾಲಸ್‌ಗೆ ಬಂತು. ಆರು ವರ್ಷದ ಹಿಂದೆ ಅದೇ ತಾರೀಖಿಗೆ ಡರ್ಕ್ ತವರಿನ ಕೊನೆಯ ಪಂದ್ಯ ಆಡಿದ್ದ. ಟಿಕೆಟ್ ದುಬಾರಿ ಎಂದು ಮನೆಯಲ್ಲೇ ನೋಡಿದೆವು. ಹಳೆಯ ಆಟದ ತುಣುಕುಗಳನ್ನು ಪರದೆಯ ಮೇಲೆ ಹಾಕಿದಾಗ ಲೂಕಾ ಬೆಂಚಿನಲ್ಲಿ ಕೂತು ಟವಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಎದ್ದು ನಮ್ಮ ಮೇಲೇ 45 ಅಂಕ ಹೊಡೆದ. ಪ್ರತಿ ಬುಟ್ಟಿಗೂ ಡಾಲಸ್ ಜನ ಎದ್ದು ಚಪ್ಪಾಳೆ ಹೊಡೆದರು. ನಮ್ಮ ತಂಡ ಸೋತಿತು. ಮಗ 77ನೇ ಅಂಗಿಯಲ್ಲೇ ಸೋಫಾದ ಮೇಲೆ ನಿದ್ದೆ ಹೋಗಿದ್ದ, ಎಬ್ಬಿಸಿ ರೂಮಿಗೆ ಕಳಿಸಿದೆ.