ಬಟನ್ ಬಂತು ಮಾರಾಯ್ರೆ, ಇನ್ನೆಂತ ಬೇಕು?

ಇವತ್ತು ಆಫೀಸಿನ ಮೀಟಿಂಗ್‌ನಲ್ಲಿ ಒಂದು ಸ್ಲೈಡ್ ನೋಡಿ ಬಂದೆ. ಹಸಿರು ಬಣ್ಣದ ದೊಡ್ಡ ವೃತ್ತ, ಅದರ ನಡುವೆ ನೂರಕ್ಕೆ ನೂರು, ಕೆಳಗೆ "ಇಮೇಲ್ ಆರ್ಕೈವಿಂಗ್ ಪೂರ್ಣ". ಅಂದರೆ ಆಫೀಸಿನ ಮೇಲ್‌ಗಳನ್ನು ಮುಂದೆ ಬೇಕಾದಾಗ ಸಿಗುವ ಹಾಗೆ ಒಂದು ಕಡೆ ಕೂಡಿಡುವ ಕೆಲಸ ಮುಗಿಯಿತು ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ವೆಂಡರ್ ಕಡೆಯ ಹುಡುಗನ ಮುಂದೆ ಗೋಳಿಬಜೆಯ ಪ್ಲೇಟು ಸರಿಸಿದರು. ನಾನೂ ತಿಂದೆ, ಸುಳ್ಳು ಯಾಕೆ ಹೇಳಲಿ. ಆದರೆ ಮಂಡೆ ಬಿಸಿ ಆದದ್ದು ಇನ್ನೂ ಇಳಿದಿಲ್ಲ. ಮೀಟಿಂಗ್‌ನಲ್ಲೇ ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಬೇಡಿ. ಮನೆ ಸಾಲದ ಕಂತು ಉಂಟು.

ಪೂರ್ಣ ಆದದ್ದು ಎಂತ ಗೊತ್ತುಂಟಾ? ನಾವು ಮೇಲ್ ನೋಡುವ ಔಟ್‌ಲುಕ್‌ಗೆ ಎಲ್ಲರಿಗೂ ಒಂದು ಆಡ್-ಇನ್, ಅಂದರೆ ಅದಕ್ಕೆ ಸೇರಿಕೊಳ್ಳುವ ಸಣ್ಣ ಪ್ರೋಗ್ರಾಂ, ಹಾಕಿದ್ದಾರೆ. ಅದರಿಂದ ಮೇಲೆ ಒಂದು ಬಟನ್ ಬಂದಿದೆ. ಮೇಲ್ ತೆರೆದು ಆ ಬಟನ್ ಒತ್ತಿದರೆ ಅದರ ಪ್ರತಿ ಆರ್ಕೈವ್‌ಗೆ ಹೋಗುತ್ತದೆ. ಒತ್ತದಿದ್ದರೆ ಹೋಗುವುದಿಲ್ಲ. ಮನೆಮನೆಗೆ ಎರಡೆರಡು ಕಸದ ಬಕೆಟ್ ಹಂಚಿ ಊರು ಕ್ಲೀನ್ ಆಯ್ತು ಅಂದ ಹಾಗೆ.

ನಮ್ಮದು ಗೇರುಬೀಜದ ವ್ಯವಹಾರ ಅಂತ ನಿಮಗೆ ಗೊತ್ತೇ ಉಂಟು. ಟಾಂಜಾನಿಯಾ, ಬೆನಿನ್, ಐವರಿ ಕೋಸ್ಟ್ ಕಡೆಯಿಂದ ಹಸಿ ಬೀಜ ಹಡಗಲ್ಲಿ ಬರುತ್ತದೆ. ದರ ನಿಲ್ಲುವುದು ಔಟ್‌ಟರ್ನ್ ಮೇಲೆ. 80 ಕೆಜಿ ಚೀಲದಿಂದ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಅನ್ನುವ ಲೆಕ್ಕ ಅದು. ಅಲ್ಲಿ ಒಂದೆರಡು ಪೌಂಡ್ ಆಚೆ ಈಚೆ ಆದರೆ ಇಲ್ಲಿ ಲಕ್ಷಗಳ ಜಗಳ. ಆ ಜಗಳ ಪೂರ್ತಿ ಮೇಲ್‌ನಲ್ಲೇ ನಡೆಯುತ್ತದೆ. "ನೀವು ಹೇಳಿದ ಔಟ್‌ಟರ್ನ್ ಇಷ್ಟು, ನಮ್ಮ ಕಟಿಂಗ್ ಟೆಸ್ಟ್‌ನಲ್ಲಿ ಬಂದದ್ದು ಇಷ್ಟು" ಅಂತ. ಹೋದ ವರ್ಷ ಅಂಥ ಒಂದು ಹಳೇ ಮೇಲ್ ಬೇಕಾಯ್ತು. ಅದನ್ನು ಬರೆದವರು ಕೆಲಸ ಬಿಟ್ಟು ಗಲ್ಫಿಗೆ ಹೋಗಿ ಆಗಿತ್ತು. ಅವರ ಮೇಲ್ ಲೈಸೆನ್ಸ್ ತೆಗೆದು ಇನ್ನೊಬ್ಬರಿಗೆ ಕೊಟ್ಟು ಆಗಿತ್ತು. ಮೇಲ್‌ಬಾಕ್ಸೂ ಹೋಗಿತ್ತು. ಕೊನೆಗೆ ಸಪ್ಲೈಯರ್ ಹತ್ತಿರವೇ "ಸ್ವಲ್ಪ ಆ ಮೇಲ್ ಫಾರ್ವರ್ಡ್ ಮಾಡ್ತೀರಾ" ಅಂತ ಕೇಳಿದ್ದು! ಯಾರ ಜೊತೆ ಜಗಳವೋ ಅವರ ಹತ್ತಿರವೇ ಸಾಕ್ಷಿ ಕೇಳುವುದು. ಈ ಆರ್ಕೈವಿಂಗ್ ಬೇಕು ಅಂತ ಶುರುವಾದದ್ದೇ ಆ ನಾಚಿಕೆಯಿಂದ. ಈಗ ತಂದ ಬಟನ್ ಆಗ ಇದ್ದಿದ್ದರೂ ಅವರು ಒತ್ತುತ್ತಿದ್ದರಾ? ಗಲ್ಫ್ ವೀಸಾ ಕೈಗೆ ಬಂದವರು ಹಳೇ ಮೇಲ್ ಹುಡುಕಿ ಹುಡುಕಿ ಆರ್ಕೈವ್ ಮಾಡ್ತಾ ಕೂರುತ್ತಾರಾ?

ಇನ್ನು ಆ ನೂರಕ್ಕೆ ನೂರು. ಅದು ಎಲ್ಲರ ಖಾತೆ ನೋಡಿಕೊಳ್ಳುವ ಅಡ್ಮಿನ್ ಸೆಂಟರ್‌ನಲ್ಲಿ ಎಷ್ಟು ಜನರಿಗೆ ಹಂಚಿದ್ದೇವೆ ಅನ್ನುವ ಲೆಕ್ಕ. ಎಷ್ಟು ಜನರಿಗೆ ಕಾಣಿಸಿತು ಅಂತ ಅಲ್ಲ, ಎಷ್ಟು ಜನ ಒತ್ತಿದರು ಅಂತ ಮೊದಲೇ ಅಲ್ಲ. ಆಡ್-ಇನ್‌ನ ವಿವರ ಇರುವ ಮ್ಯಾನಿಫೆಸ್ಟ್ ಫೈಲ್ ಅಪ್‌ಲೋಡ್ ಮಾಡಿ, ಯಾರಿಗೆ ಅಂತ ಗ್ರೂಪ್ ಆರಿಸಿ, ಡಿಪ್ಲಾಯ್ (ಹಂಚು) ಅಂದರೆ ನಮ್ಮ ಕೈಯ ಕೆಲಸ ಮುಗಿಯಿತು. ಆಮೇಲೆ ಅದು ಎಲ್ಲರ ಸ್ಕ್ರೀನ್‌ಗೆ ಬರಲು 24 ಗಂಟೆವರೆಗೂ ಬೇಕಾಗಬಹುದು ಅಂತ ಮೈಕ್ರೋಸಾಫ್ಟೇ ಬರೆದಿದೆ. ಅದನ್ನು ಓದುವವರು ಯಾರು? ಬೆಳಿಗ್ಗೆ ಒಂಬತ್ತಕ್ಕೆ ಬೈಕಂಪಾಡಿಯಿಂದ ಫೋನ್. "ನಮ್ಗೆ ಬರ್ಲಿಲ್ಲ ಸರ್." ಹತ್ತಕ್ಕೆ ಪುತ್ತೂರಿಂದ ಫೋನ್. "ಇದು ಎಂತದ್ದು ಸರ್ ಹೊಸ್ತು, ವೈರಸ್ಸಾ?" ಬಂದವರಿಗೆ ಹೆದರಿಕೆ, ಬಾರದವರಿಗೆ ಹೊಟ್ಟೆಕಿಚ್ಚು. ಮೊದಲೇ ಎರಡು ಸಾಲಿನ ಸುತ್ತೋಲೆ ಕಳಿಸಿ ಅಂತ ನಾನು ಬೇಡಿಕೊಂಡಿದ್ದೆ. "ಅದೆಲ್ಲ ಬೇಡ, ಯೂಸರ್ ಫ್ರೆಂಡ್ಲಿ ಉಂಟು" ಅಂದರು.

ಕುಂದಾಪುರ ಬ್ರಾಂಚಿಗೆ ಇವತ್ತಿನವರೆಗೂ ಬಂದಿಲ್ಲ. ಕಾರಣ ಬಹಳ ಸಣ್ಣದು. "ಎಲ್ಲ ಸಿಬ್ಬಂದಿ" ಅಂತ ಒಂದು ದೊಡ್ಡ ಗ್ರೂಪ್, ಉಳಿದವರ ಹೆಸರು ಅದರಲ್ಲಿ ನೇರವಾಗಿ ಉಂಟು, ಕುಂದಾಪುರದವರದ್ದು ಮಾತ್ರ ಅದರ ಒಳಗೆ ಇನ್ನೊಂದು ಗ್ರೂಪ್. ಹೀಗೆ ಗ್ರೂಪಿನ ಒಳಗಿನ ಗ್ರೂಪಿಗೆ ಆಡ್-ಇನ್ ಇಳಿಯುವುದಿಲ್ಲ. ಮೇಲಿನ ಗ್ರೂಪಿನಲ್ಲಿ ನೇರವಾಗಿ ಹೆಸರು ಇರಬೇಕು. ಇದೂ ಬರೆದಿಟ್ಟ ನಿಯಮವೇ. ಸ್ಲೈಡ್‌ಗೆ ಮಾತ್ರ ಕುಂದಾಪುರವೂ ಸೇರಿದೆ, ಭೇಷ್.

ಇದಕ್ಕೂ ಮುಂಚೆ ಹಳೇ ಕಾಮ್ (COM) ಆಡ್-ಇನ್, ಅಂದರೆ ಒಂದೊಂದು ಕಂಪ್ಯೂಟರಿನಲ್ಲೂ ಇನ್‌ಸ್ಟಾಲ್ ಆಗಬೇಕಾದ ಬಗೆಯದ್ದು, ಹಾಕಿದ ಕಾಲ ಇನ್ನೂ ಚೆಂದ. ಎಲ್ಲ ಕಂಪ್ಯೂಟರಿಗೂ ಒಂದೇ ಕಡೆಯಿಂದ ಆದೇಶ ಕೊಡುವ ಗ್ರೂಪ್ ಪಾಲಿಸಿಯಲ್ಲಿ ಅದರ ಇನ್‌ಸ್ಟಾಲ್ ಫೈಲ್ (ಎಂಎಸ್‌ಐ) ಇಟ್ಟರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುವಾಗ ಇನ್‌ಸ್ಟಾಲ್ ಆಗಬೇಕು. ನಮ್ಮಲ್ಲಿ ರೀಸ್ಟಾರ್ಟ್ ಮಾಡುವವರು ಯಾರು? ಸ್ಕ್ರೀನ್ ಆಫ್ ಮಾಡಿ ಬಸ್ಸಿಗೆ ಓಡುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಾಗ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು, ಹಾಗೆ ನಮ್ಮ ಡಿಪ್ಲಾಯ್‌ಮೆಂಟ್ ಮಾಡಿದ್ದು ಮೆಸ್ಕಾಂ ಅಂತಲೇ ಹೇಳಬೇಕು. ಅದರ ಮೇಲೆ, ಆಡ್-ಇನ್ ಶುರುವಾಗಲು ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾ ಇದ್ದರೆ ಔಟ್‌ಲುಕ್ ಅದನ್ನು ತಾನೇ ಬಂದ್ ಮಾಡಿ ಇಡುತ್ತದೆ. ನಮ್ಮ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಒಂದು ಸೆಕೆಂಡಿಗೆ ಎಂತ ಆಗ್ತದೆ? ಅದೂ ಸಾಲದು ಅಂತ ಕೆಲವರು ಹೊಸ ಔಟ್‌ಲುಕ್‌ಗೆ ಹೋಗಿ ಕೂತರು. ಅಲ್ಲಿ ಕಾಮ್ ಆಡ್-ಇನ್ ನಡೆಯುವುದೇ ಇಲ್ಲ. ಪಟ್ಟಿಯಲ್ಲಿ ಎಲ್ಲ ಕಡೆ "ಇನ್‌ಸ್ಟಾಲ್ಡ್", ಕೂತು ನೋಡಿದರೆ ಅರ್ಧ ಕಡೆ ಸತ್ತಿತ್ತು.

ಆದರೆ ಇವೆಲ್ಲ ಸರಿ ಮಾಡಬಹುದಾದ ವಿಷಯ, ನಾನೇ ಕೂತು ಮಾಡುತ್ತೇನೆ. ನನ್ನ ಸಿಟ್ಟು ಬಟನ್ ಬಂತಾ ಇಲ್ಲವಾ ಅನ್ನುವುದರ ಬಗ್ಗೆ ಅಲ್ಲ. ಬಟನ್ನೇ ಆರ್ಕೈವ್ ಅಂತ ನಂಬಿದ ಬಗ್ಗೆ.

ಇದನ್ನು ಸರಿಯಾಗಿ ಹಿಡಿದದ್ದು ಇಡೀ ಆಫೀಸಿನಲ್ಲಿ ಒಬ್ಬರೇ. ಅಕೌಂಟ್ಸ್‌ನ ಅಕ್ಕ. ಇನ್ನೇನು ರಿಟೈರ್ ಆಗುವವರು. ಕಂಪ್ಯೂಟರ್ ಅಂದರೆ ಈಗಲೂ ಮುಖ ಸಿಂಡರಿಸುತ್ತಾರೆ, ಮುಖ್ಯ ಮೇಲ್ ಎಲ್ಲ ಪ್ರಿಂಟ್ ತೆಗೆದು ಸಪ್ಲೈಯರ್ ಹೆಸರಿನ ಫೈಲಿಗೆ ಪಂಚ್ ಮಾಡಿ ಹಾಕುತ್ತಾರೆ. ಟ್ರೇನಿಂಗ್ ದಿನ ಎಲ್ಲ ಕೇಳಿ ಕೊನೆಗೆ ಕೈ ಎತ್ತಿದರು. "ಅಲ್ಲ ಮಾರಾಯ, ತಪ್ಪು ಮಾಡಿದವ ತನ್ನ ಮೇಲ್ ಮೇಲೆ ಇದನ್ನು ಯಾಕೆ ಒತ್ತುತ್ತಾನೆ?" ಟ್ರೇನರ್ ನಕ್ಕು, "ಒಳ್ಳೇ ಪ್ರಶ್ನೆ ಮೇಡಂ" ಅಂದು ಮುಂದಿನ ಸ್ಲೈಡ್‌ಗೆ ಹೋದ. ನನಗೆ ಎದ್ದು ನಿಂತು ಅಕ್ಕನಿಗೆ ಒಂದು ಶಾಲು ಹೊದಿಸಬೇಕು ಅನ್ನಿಸಿತು.

ಉತ್ತರ ಇಲ್ಲದ ಪ್ರಶ್ನೆ ಏನಲ್ಲ ಅದು. ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್‌ನಲ್ಲಿ ಜರ್ನಲಿಂಗ್ ಅಂತ ಉಂಟು. ಮೇಲ್ ಹೋಗುವಾಗ, ಬರುವಾಗ ಸರ್ವರ್‌ನಲ್ಲೇ ಒಂದು ಪ್ರತಿ ತೆಗೆದು ಆರ್ಕೈವ್‌ಗೆ ಕಳಿಸುತ್ತದೆ. ಯಾರೂ ಏನೂ ಒತ್ತಬೇಕಿಲ್ಲ. ಬೇರೆಯವರಿಗೆ ಕಾಣದ ಹಾಗೆ ಬಿಸಿಸಿಯಲ್ಲಿ ಯಾರಿದ್ದರು ಅನ್ನುವುದೂ ಸಿಗುತ್ತದೆ. ಪಣಂಬೂರಿನ ಬಂದರಿನಲ್ಲಿ ನಿಂತು ಮೊಬೈಲ್‌ನಿಂದ ಕಳಿಸಿದ ಮೇಲ್ ಕೂಡ ಬರುತ್ತದೆ. ನಮ್ಮ ಪರ್ಚೇಸ್‌ನವರು ಫೋನಿನಲ್ಲೇ ಬದುಕುವವರು. ಫೋನಿನ ಜೊತೆ ಬಂದ ಮೇಲ್ ಆ್ಯಪ್ ಬಳಸುವವರಿಗೆ ಈ ಆಡ್-ಇನ್ ಅನ್ನುವುದೇ ಇಲ್ಲ! ಜರ್ನಲಿಂಗ್ ಬೇಡ ಅಂದರೆ ಮೇಲ್‌ಬಾಕ್ಸನ್ನು ಹೋಲ್ಡ್‌ನಲ್ಲಿ ಇಡಬಹುದು, ಅಳಿಸಿದರೂ ಒಳಗೆ ಉಳಿಯುತ್ತದೆ. ಹೋಲ್ಡ್ ಇಲ್ಲದಿದ್ದರೆ ಪೂರ್ತಿ ಅಳಿಸಿದ ಮೇಲ್ ಸಾಮಾನ್ಯವಾಗಿ 14 ದಿನ ಉಳಿಯುತ್ತದೆ, ಸೆಟ್ಟಿಂಗ್ ಬದಲಿಸಿದರೆ ಹೆಚ್ಚೆಂದರೆ 30. ಆಮೇಲೆ ದೇವರೇ ಗತಿ. ಆಡ್-ಇನ್ ಬೇಡ ಅಂತ ನಾನು ಹೇಳುವುದಿಲ್ಲ. ಹಳೇ ಮೇಲ್ ಹುಡುಕಿ ಹೊರಗೆ ತೆಗೆಯಲು ಅದು ಬಹಳ ಚೆನ್ನಾಗಿದೆ. ತುಂಬಿಸುವ ಕೆಲಸವನ್ನು ಜನರ ತಲೆಗೆ ಕಟ್ಟಬೇಡಿ ಅಂತ ಅಷ್ಟೇ.

"ಯಾವ ಮೇಲ್ ಮುಖ್ಯ ಅಂತ ಬಳಸುವವರಿಗೇ ಗೊತ್ತು, ಬರ್ತ್‌ಡೇ ವಿಶ್ ಎಲ್ಲ ಯಾಕೆ ತುಂಬಿಸಬೇಕು" ಅನ್ನುತ್ತಾರೆ. ಕೇಳಲು ಚೆಂದ ಉಂಟು. ಬರ್ತ್‌ಡೇ ವಿಶ್ ಎಷ್ಟು ಜಾಗ ತಿನ್ನುತ್ತದೆ ಸ್ವಾಮಿ? ಜಾಗ ತಿನ್ನುವುದು ಒಂದೇ ಸ್ಕ್ಯಾನ್ ಪಿಡಿಎಫನ್ನು ಇಪ್ಪತ್ತು ಜನರಿಗೆ ಸಿಸಿ ಹಾಕುವವರಿಂದ, ಅವರಿಗೆ ಹೇಳಿ. ಮತ್ತೆ, ಯಾವ ಮೇಲ್ ಮುಖ್ಯ ಅಂತ ಗೊತ್ತಾಗುವುದು ಜಗಳ ಬಂದ ಮೇಲೆ. ಖಾಸಗಿತನದ ಮಾತೊಂದು ಮಾತ್ರ ಒಪ್ಪುತ್ತೇನೆ. ಎಲ್ಲ ಮೇಲ್ ಉಳಿಯುತ್ತದೆ ಅಂತ ಸಿಬ್ಬಂದಿಗೆ ಮೊದಲೇ ಬರೆದು ತಿಳಿಸಬೇಕು, ಯಾರು ತೆರೆದು ನೋಡಬಹುದು ಅಂತಲೂ. ತಿಳಿಸಿ, ಯಾರು ಬೇಡ ಅಂದರು?

ಕಾನೂನಿನ ಮಾತು ಬಂದಾಗ ನಮ್ಮವರು ತೋರಿಸುವುದು ಅದೇ ಬಟನ್. ಕಂಪನಿ ಕಾಯ್ದೆ 2013ರ ಪ್ರಕಾರ ಲೆಕ್ಕಪತ್ರ, ವೋಚರ್ ಎಲ್ಲ 8 ವರ್ಷ ಇಡಬೇಕು. ಜಿಎಸ್‌ಟಿಗೆ ವಾರ್ಷಿಕ ರಿಟರ್ನ್ ಕೊಡುವ ಕೊನೆಯ ದಿನದಿಂದ 72 ತಿಂಗಳು. ಈಗ ಬಿಲ್ಲು ಬರುವುದೇ ಮೇಲ್‌ಗೆ ಅಂಟಿಕೊಂಡು, ಅಲ್ವಾ? ಕೋರ್ಟಿಗೆ ಹೋದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು, ಅದರಲ್ಲಿ ಫೈಲಿನ ಹ್ಯಾಶ್ (ಫೈಲ್ ಸ್ವಲ್ಪ ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ) ಬರೆಯಬೇಕು. ಯಾರದೋ ಡಿ ಡ್ರೈವ್‌ನಲ್ಲಿ ಔಟ್‌ಲುಕ್ ಮೇಲ್ ಕೂಡಿಟ್ಟ ಪಿಎಸ್‌ಟಿ ಫೈಲಿನಿಂದ ತೆಗೆದ ಮೇಲ್‌ಗೆ "ಇದನ್ನು ಯಾರೂ ಮುಟ್ಟಿಲ್ಲ" ಅಂತ ಸಹಿ ಹಾಕುವವರು ಯಾರು? ಸಿಸ್ಟಮ್ಸ್ ವಿಭಾಗ. ಅಂದರೆ ನಾನು. ಈಗ ಗೊತ್ತಾಯ್ತಲ್ಲ, ನನಗೇ ಯಾಕೆ ಇಷ್ಟು ಉರಿ ಅಂತ.

ನಾಳೆ ಕುಂದಾಪುರಕ್ಕೆ ಹೋಗುವುದು ಉಂಟು. ಗ್ರೂಪ್ ಇಲ್ಲಿಂದಲೇ ಸರಿ ಮಾಡಬಹುದು, ಆದರೆ "ಖುದ್ದು ಹೋಗಿ ಬಟನ್ ತೋರಿಸಿ ಬನ್ನಿ" ಅಂತ ಆರ್ಡರ್. ನಾಡಿದ್ದು ಜರ್ನಲಿಂಗ್ ಬೇಕು ಅಂತ ಒಂದು ನೋಟ್ ಕೊಡುತ್ತೇನೆ. ಆರ್ಕೈವ್ ನಮ್ಮ ಮೇಲ್ ಇರುವ ಎಕ್ಸ್‌ಚೇಂಜ್ ಆನ್‌ಲೈನ್‌ನ ಹೊರಗೆ ಬೇರೆ ಕಡೆ ಇರಬೇಕು, ಯಾಕೆಂದರೆ ಅದರ ಮೇಲ್‌ಬಾಕ್ಸಿಗೇ ಜರ್ನಲ್ ಕಳಿಸಲು ಬಿಡುವುದಿಲ್ಲ. ಹಾಗಾಗಿ ಸ್ವಲ್ಪ ದುಡ್ಡು ಕೇಳಬೇಕು, ಅಲ್ಲೇ ಕಷ್ಟ. ನಿಮ್ಮ ಆಫೀಸಿನಲ್ಲಿ ಯಾರಾದರೂ ಇದನ್ನು ಯಜಮಾನರಿಂದ ಒಪ್ಪಿಸಿದ್ದರೆ ನೋಟ್‌ನಲ್ಲಿ ಎಂತ ಬರೆದಿರಿ ಅಂತ ಕಾಮೆಂಟ್‌ನಲ್ಲಿ ಹೇಳಿ. "ಕ್ಲೌಡ್" ಅಂತ ಬರೆಯಿರಿ ಅನ್ನಬೇಡಿ, ಹೋದ ಸಲ ಬರೆದಿದ್ದೆ. "ಮಳೆಗಾಲ ಮುಗಿಯಲಿ, ಆಮೇಲೆ ನೋಡುವ" ಅಂದಿದ್ದರು.